ದೇವರಿಗೆ ಮಾರ್ಫತ್ ಬೇಡ

ಉಪದೇಶಿಯ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ವಡಗಾವಿಯ ನಮ್ಮ ಓಣಿ ಹುಡುಕಿಕೊಂಡು ಬರುತ್ತಾರೆ. ಎರಡೂ ಬದಿಯ ಮಗ್ಗದ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಆದರೂ ಕಟ್ಟೆಯ ಮೇಲೆ ಕೂತು, ಅನುಭವ ಹೇಳ್ರಿ ಅಜ್ಜಾರ, ಅನ್ನುತ್ತಾರೆ. ಅವರಿಗೆ ಬೇಕಾಗಿರುವುದು ಎಷ್ಟು ಮನೆಗಳನ್ನು ಕ್ರೈಸ್ತ ಸಭೆಗೆ ಸೇರಿಸಿದಿರಿ, ಯಾವ ಊರಲ್ಲಿ ಕಲ್ಲು ಬಿತ್ತು, ಯಾವ ಸಾಹೇಬರು ಬೆನ್ನು ಚಪ್ಪರಿಸಿದರು ಎಂಬ ಕಥೆ. ಅದೆಲ್ಲ ಮಿಶನ್ನಿನ ವರದಿಗಳಲ್ಲಿ ಅಚ್ಚಾಗಿದೆ. ಅದರಲ್ಲಿ ಅರ್ಧ ನಾನೇ ಬರೆದು ಕೊಟ್ಟದ್ದು, ಹಾಗಾಗಿ ಅದನ್ನು ನಂಬಬೇಡಿ ಎಂದು ಹೇಳುವ ಹಕ್ಕು ನನಗಿದೆ.

ಖರೇ ಹೇಳಬೇಕೆಂದರೆ ಈ ಕೆಲಸದಲ್ಲಿ ಕಲ್ಲು ಬೀಳುವುದು ದೊಡ್ಡ ಕಷ್ಟವಲ್ಲ. ಕಲ್ಲು ಬಿದ್ದ ಗಾಯ ಎಂಟು ದಿನಕ್ಕೆ ಮಾಯುತ್ತದೆ. ನನಗೆ ಮಾಯದೆ ಉಳಿದದ್ದು ಒಬ್ಬ ಹೆಣ್ಣುಮಗಳಿಗೆ ನಾನು ಮಾಡಿದ ಅನ್ಯಾಯ. ಅದನ್ನು ನಾನು ಕೈಯಿಂದ ಮಾಡಲಿಲ್ಲ, ಒಂದು ಶಬ್ದದಿಂದ ಮಾಡಿದೆ. ನಿಮಗೂ ನಾಳೆ ಕೈಗೆ ಲೇಖಣಿ ಕೊಡುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಇಪ್ಪತ್ತರ ದಶಕದ ಮಾತು. ನಮ್ಮಪ್ಪ ವಡಗಾವಿಯ ನೇಕಾರ. ನಮ್ಮ ಮನೆ ಅವನ ಕಾಲಕ್ಕೆ ಪ್ರಾಟೆಸ್ಟಂಟ್ ಸಭೆಗೆ ಸೇರಿತು. ನಾನು ಬೆಳಗಾವಿಯ ಮಿಶನ್ ಸಾಲಿಯಲ್ಲಿ ಓದಿ, ದಾನಿಯೇಲಪ್ಪ ಉಪದೇಶಿ ಅನ್ನಿಸಿಕೊಂಡು, ಖಾನಾಪುರದ ಮಿಶನ್ ಠಾಣೆಗೆ ಹೋದೆ. ಕೆಲಸವೆಂದರೆ ನಡೆಯುವುದು. ಹಳ್ಳಿ ಹಳ್ಳಿ ನಡೆಯುವುದು, ಸಂತೆಯಲ್ಲಿ ನಿಂತು ಪ್ರಸಂಗ ಮಾಡುವುದು, ಸಣ್ಣ ಪುಸ್ತಕ ಮಾರುವುದು. ಇದರ ಮೇಲೆ ದಿನಚರಿ. ಎಲ್ಲಿಗೆ ಹೋದೆ, ಯಾರಿಗೆ ಏನು ಹೇಳಿದೆ, ಅವರು ಏನೆಂದರು ಎಂದು ದಿನಾ ಕನ್ನಡದಲ್ಲಿ ಬರೆದು ತಿಂಗಳ ಕೊನೆಗೆ ಬೆಳಗಾವಿಯ ಬಂಗಲೆಗೆ ಕಳಿಸಬೇಕು. ಸಾಹೇಬರು ಓದಿ, ಚೆನ್ನಾಗಿದ್ದ ಸಂಗತಿಯನ್ನು ಇಂಗ್ಲಿಷಿಗೆ ಮಾಡಿ ತಮ್ಮ ದೇಶಕ್ಕೆ ಕಳಿಸುತ್ತಿದ್ದರು. ನಡೆದದ್ದಕ್ಕಿಂತ ಬರೆದದ್ದರ ಮೇಲೆ ನಮ್ಮ ಬದುಕು ನಿಂತಿತ್ತು.

ಆಗಿನ ಪಾದ್ರಿ ಸಾಹೇಬರು ಕೆಟ್ಟವರಲ್ಲ. ಪ್ಲೇಗಿನಲ್ಲಿ ಊರಿಗೆ ಊರೇ ಹೊಲಕ್ಕೆ ಓಡಿದಾಗ ಅವರು ಓಡಲಿಲ್ಲ. ಮುನ್ಶಿಯ ಬಳಿ ಕನ್ನಡ ಕಲಿತಿದ್ದರು, ವ್ಯಾಕರಣ ನಮಗಿಂತ ಚೊಕ್ಕ. ಸಂತೆಯ ಮಾತು ಮಾತ್ರ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಅವರಿಗೆ ಒಂದು ಹಟವಿತ್ತು. ಹಿಂದೂಗಳ ಮೇಲೆ, ಜೈನರ ಮೇಲೆ ಅವರು ಅಷ್ಟು ಸಿಟ್ಟಾಗುತ್ತಿರಲಿಲ್ಲ, ರೋಮಿನವರು ಅಂದರೆ ಮುಖ ಕೆಂಪಾಗುತ್ತಿತ್ತು. ರೋಮನ್ ಕ್ಯಾಥೊಲಿಕರು ಸಂತರನ್ನೂ ದೇವದೂತರನ್ನೂ ಬೇಡಿಕೊಂಡು ಕ್ರಿಸ್ತನ ಹಕ್ಕನ್ನು ಕಸಿದುಕೊಂಡಿದ್ದಾರೆ ಎಂಬುದು ಅವರ ದೂರು. ಅವರ ದೇಶದಲ್ಲಿ ಈ ಜಗಳ ನೂರಾರು ವರ್ಷದ್ದಂತೆ. ನಮ್ಮೂರ ಕ್ಯಾಥೊಲಿಕರು ನಮಗೆ ಏನೂ ಮಾಡಿರಲಿಲ್ಲ. ಸಾಹೇಬರ ಅಡಿಗೆಯನ್ನೂ ಬಾಗಿಲನ್ನೂ ನೋಡಿಕೊಳ್ಳುತ್ತಿದ್ದ ಬಟ್ಲರ್ ಪೇದ್ರುನೇ ಗೋವೆಯ ಕ್ಯಾಥೊಲಿಕ. ಅವನಿಗೆ ಮೊದಲು ಸಲಾಮು ಹೊಡೆಯದೆ ನಮ್ಮಲ್ಲಿ ಯಾರೂ ಸಾಹೇಬರ ಮುಖ ಕಂಡವರಲ್ಲ. ಆದರೂ ಸಾಹೇಬರ ಜಗಳವನ್ನು ನಾವು ನಮ್ಮದೆಂದು ತಲೆಯ ಮೇಲೆ ಹೊತ್ತೆವು.

ಅದರಲ್ಲಿ ನಾನು ಎಲ್ಲರಿಗಿಂತ ಮುಂದೆ. 'ದೇವರಿಗೆ ಮಾರ್ಫತ್ ಬೇಡ' ಎಂಬ ಪ್ರಸಂಗ ಕಟ್ಟಿದ್ದೆ. ಖಾನಾಪುರದ ಜನಕ್ಕೆ ಮಾರ್ಫತ್ ಅಂದರೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾಮಲೇದಾರರ ಕಚೇರಿಗೆ ಹೋದರೆ ಪಟ್ಟೇವಾಲನಿಗೆ ಕೈಮುಗಿಯಬೇಕು, ಕಾರಕೂನನಿಗೆ ಕೈಮುಗಿಯಬೇಕು, ಅರ್ಜಿಯ ತಲೆಯ ಮೇಲೆ ಇಂಥವರ ಮಾರ್ಫತ್ ಎಂದು ಬರೆಸಬೇಕು. ಅದಿಲ್ಲದಿದ್ದರೆ ಕಾಗದ ಅಲ್ಲೇ ಕೊಳೆಯುತ್ತದೆ. ನಮ್ಮ ದೇವರ ಕಚೇರಿ ಹಾಗಲ್ಲ, ನಡುವೆ ನಿಂತವನು ಕ್ರಿಸ್ತನೊಬ್ಬನೇ, ದೂತರೂ ನಮ್ಮ ಹಾಗೆ ಆಳುಗಳು, ಆಳಿನ ಕಾಲು ಹಿಡಿಯುವುದು ಧಣಿಗೆ ಅವಮಾನ ಎಂದು ಹೇಳುತ್ತಿದ್ದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಎಳೆದು ತಂದು ಮುಗಿಸುತ್ತಿದ್ದೆ. ಗಾದೆಗೆ ಜನ ತಲೆದೂಗುತ್ತಿದ್ದರು.

ಒಂದು ಸಂತೆಯಲ್ಲಿ ಜೈನರ ಕಿರಾಣಿ ಅಂಗಡಿಯವರು ಪ್ರಸಂಗವನ್ನು ಕೊನೆತನಕ ಕೇಳಿ ತಕ್ಕಡಿ ಕೆಳಗಿಟ್ಟರು.

"ಉಪದೇಶಿಗೋಳ, ಮಾರ್ಫತ್ ಬ್ಯಾಡ ಅಂದ್ರಿ. ಹಂಗಾರ ನಡುವ ನೀವೇನ್ ಮಾಡಾಕತ್ತೀರಿ?"

ಸಂತೆಗೆ ಸಂತೆಯೇ ನಕ್ಕಿತು. ನಾನು ಏನೋ ಬಡಬಡಿಸಿ ಪುಸ್ತಕದ ಗಂಟು ಕಟ್ಟಿದೆ. ಆ ದಿನದ ದಿನಚರಿಯಲ್ಲಿ 'ಜನರು ಸಂತೋಷದಿಂದ ಕೇಳಿ ಪ್ರಶ್ನೆಗಳನ್ನು ಕೇಳಿದರು' ಎಂದು ಬರೆದೆ. ವರದಿ ಬರೆಯುವುದು ಹೀಗೆ, ಕಲಿತುಕೊಳ್ಳಿ.

ಇನ್ನು ಮರಿಯಾಬಾಯಿ. ಅವರು ಖಾನಾಪುರ ಠಾಣೆಯ ಉಪದೇಶಿ ಬಾಯಿ. ಗಂಡಸರಾದ ನಮಗೆ ಅಡಿಗೆಮನೆಯವರೆಗೆ ಪ್ರವೇಶವಿರಲಿಲ್ಲ. ಅಲ್ಲಿ ಹೋಗಿ ಹೆಂಗಸರ ಜೊತೆ ಕೂತು ಓದಿ ಹೇಳಲು ಮಿಶನ್ನು ಇಂಥ ವಿಧವೆಯರನ್ನು ನೇಮಿಸುತ್ತಿತ್ತು. ಮರಿಯಾಬಾಯಿ ಹುಟ್ಟಿದ್ದು ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಯಲ್ಲಿ, ಮನೆಮಾತು ಕೊಂಕಣಿ. ಗಂಡ ಹಂಚಿನ ಭಟ್ಟಿಯ ಮೇಸ್ತ್ರಿ, ಪ್ರಾಟೆಸ್ಟಂಟನು. ಮದುವೆಯಾದ ಮೇಲೆ ಅವನ ಸಭೆಗೆ ಬಂದರು. ಖಾನಾಪುರದ ಮಣ್ಣು ಚಲೋ ಎಂದು ಕೆಲಸ ಹುಡುಕಿ ಬಂದ ಗಂಡ ಜ್ವರಕ್ಕೆ ತೀರಿಕೊಂಡ, ಮಕ್ಕಳಿರಲಿಲ್ಲ. ಅಚ್ಚಾದ ಕನ್ನಡ ಓದಬಲ್ಲವರಾಗಿದ್ದರಿಂದ ಮಿಶನ್ನು ಕೆಲಸವನ್ನೂ ಒಂದು ಕೋಣೆಯ ಮನೆಯನ್ನೂ ಕೊಟ್ಟಿತು. ಬರೆಯಲು ಬರುತ್ತಿರಲಿಲ್ಲ, ಕೈಬರಹ ಓದಲೂ ಬರುತ್ತಿರಲಿಲ್ಲ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಖಾನಾಪುರದ ಆಚೆಯ ಅಡವಿಯ ಹಾದಿಯಲ್ಲಿ, ಹುಲಿ ಕಂಡಿತೆಂದು ಗಂಡಸರೇ ಗುಂಪು ಕಟ್ಟಿ ಹೋಗುವ ಕಡೆ, ಈ ಬಾಯಿ ಕೊಡೆ ಹಿಡಿದು ಒಬ್ಬರೇ ಹೋಗಿಬರುತ್ತಿದ್ದರು. ಅಂಜಿಕೆ ಇಲ್ಲೇನ್ರಿ ಎಂದು ಕೇಳಿದರೆ, ಒಬ್ಬಾಕಿ ಎಲ್ಲಿದ್ದೀನ್ರಿ, ಅನ್ನುತ್ತಿದ್ದರು. ದೇವರು ಜೊತೆಗಿದ್ದಾನೆ ಎಂಬ ಅರ್ಥದಲ್ಲಿ ಅಂದಿರಬೇಕೆಂದು ನಾನು ದಿನಚರಿಯಲ್ಲಿ ಬರೆದುಕೊಂಡಿದ್ದೆ.

ಒಂದು ಮಳೆಗಾಲದಲ್ಲಿ ಹೊಳೆಯಾಚೆಯ ಹಳ್ಳಿಗೆ ಇಬ್ಬರೂ ಹೋಗಬೇಕಾಯಿತು. ಮಲಪ್ರಭೆ ತುಂಬಿದ್ದಳು. ದೋಣಿಯಲ್ಲಿ ನಾವಿಬ್ಬರು ಮತ್ತು ಅಂಬಿಗ ಮಾತ್ರ. ನಟ್ಟನಡುವೆ ದೋಣಿ ಒಂದು ಸುತ್ತು ತಿರುಗಿತು. ಮರಿಯಾಬಾಯಿ ಕಣ್ಣುಮುಚ್ಚಿ ಜೋರಾಗಿ, ರಾಖ್ಣ್ಯಾ ಬೊಡ್ವ್ಯಾ, ರಾಖ್ಣ್ಯಾ ಬೊಡ್ವ್ಯಾ, ಅಂದರು. ಮರಾಠಿ ಬಲ್ಲ ಯಾರ ಕಿವಿಗಾದರೂ ಅದು 'ಭಡವ್ಯಾ' ಎಂದೇ ಬೀಳುತ್ತದೆ. ಭಡವಾ ಅಂದರೆ ತಲೆಹಿಡುಕ. ಖಾನಾಪುರದಲ್ಲಿ ಆ ಬೈಗುಳಕ್ಕೆ ಹೊಡೆದಾಟವಾಗುತ್ತದೆ. ಬಾಯಿ ಅಂಬಿಗನನ್ನು ಬೈದರೆಂದು ತಿಳಿದು ನಾನು ಅವರನ್ನು ಗದರಿಸಿದೆ. ಉಪದೇಶಿ ಬಾಯಿಯ ಬಾಯಲ್ಲಿ ಇಂಥ ಮಾತೇ ಎಂದೆ. ಅಲ್ಲಿಯವರೆಗೆ ನೀರಿನ ಮೇಲೆ ಲಕ್ಷ್ಯವಿಟ್ಟಿದ್ದ ಅಂಬಿಗನಿಗೆ ನನ್ನ ಗದರಿಕೆಯಿಂದಲೇ ಅದು ಬೈಗುಳವೆಂದು ಗೊತ್ತಾಯಿತು. ಅವನು ಹುಟ್ಟು ಎತ್ತಿ ಮಡಿಲಲ್ಲಿಟ್ಟುಕೊಂಡು, ಯಾರಿಗಂದ್ರಿ ಅದನ್ನ, ಹೇಳಿ ಮುಂದ ಹೋಗೂಣು, ಎಂದು ಕೂತುಬಿಟ್ಟ. ದೋಣಿ ಮತ್ತೆ ತಿರುಗತೊಡಗಿತು.

ಮರಿಯಾಬಾಯಿ ಕಣ್ಣು ತೆರೆದು ನಮ್ಮಿಬ್ಬರ ಮುಖ ನೋಡಿದರು. ಅವರಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು, ತಿಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅಂಬಿಗನಿಗೆ ಬಿಡಿಸಿ ಹೇಳಿದರು: ಅವರ ತಾಯಿಯ ಕೊಂಕಣಿಯಲ್ಲಿ ಬೊಡ್ವೊ ಅಂದರೆ ದೇವದೂತ, ರಾಖ್ಣೊ ಬೊಡ್ವೊ ಅಂದರೆ ಒಬ್ಬೊಬ್ಬರನ್ನೂ ಹುಟ್ಟಿನಿಂದ ಕಾಯುವ ದೂತ. ಅಂಬಿಗ, ಹಂಗಾರ ಇನ್ನೊಮ್ಮಿ ಕರೀರಿ ಅವ್ನ, ನೀರು ಭಾಳ ಐತಿ, ಎಂದು ಹುಟ್ಟು ಹಾಕಿದ. ದಡ ಮುಟ್ಟಿದೆವು.

ಅವನಿಗೆ ಅಷ್ಟಕ್ಕೆ ಮುಗಿಯಿತು. ನನಗೆ ಮುಗಿಯಲಿಲ್ಲ. ಒಬ್ಬಾಕಿ ಎಲ್ಲಿದ್ದೀನ್ರಿ ಅಂದದ್ದರ ಅರ್ಥ ಆಗ ತಿಳಿಯಿತು. ನಮ್ಮ ಮಿಶನ್ನಿನ ಬಾಯಿ, ರೋಮಿನವರ ರೂಢಿಯನ್ನು ಸೆರಗಿನಲ್ಲಿ ಕಟ್ಟಿಕೊಂಡೇ ನಮ್ಮ ಸಭೆಗೆ ಬಂದಿದ್ದರು. ಹಳ್ಳಿಯ ಹಾದಿಯುದ್ದಕ್ಕೂ ನಾನು ವಾದಿಸಿದೆ, ಅವರು ಕೊಡೆ ಹಿಡಿದು ಸುಮ್ಮನೆ ನಡೆದರು. ಕೊನೆಗೆ ಒಂದು ಮರದ ಕೆಳಗೆ ನಿಂತು ಕೇಳಿದರು.

"ಸಾಹೇಬರಿಗೆ ಅರ್ಜಿ ಬರಿಯೂಮುಂದ ಕಡೀಕ ಏನಂತ ಬರೀತೀರಿ ನೀವು?"

ನಾನು ಹೇಳಿದೆ: 'ಎಂದು ತಮ್ಮಲ್ಲಿ ಪ್ರಾರ್ಥಿಸಿಕೊಳ್ಳುತ್ತೇನೆ.'

"ಹಂಗಾರ ಸಾಹೇಬರೇನು ದೇವ್ರನ್ರಿ? ನಾನೂ ಅಷ್ಟ. ಪೂಜಾ ಮಾಡಂಗಿಲ್ಲ, ಅಡ್ಡಬೀಳಂಗಿಲ್ಲ. ಅಡವ್ಯಾಗ ಹೋಗೂಮುಂದ ಬಾಜು ನಡೀಯಪ್ಪಾ ಅಂತ ಕರೀತೇನಿ."

ಇದಕ್ಕೆ ಉತ್ತರವಿದೆ, ಆವತ್ತೇ ಹೇಳಿದೆ. ಕಣ್ಣೆದುರಿಗಿರುವ ಮನುಷ್ಯನನ್ನು ಕೇಳುವುದು ಬೇರೆ. ಕಾಣದವನನ್ನು, ಎಲ್ಲಿಂದ ಕರೆದರೂ ಕೇಳಿಸಿಕೊಳ್ಳುತ್ತಾನೆಂದು ಕರೆಯುವುದು ಬೇರೆ. ಎಲ್ಲ ಕಡೆ ಇದ್ದು ಎಲ್ಲರ ಮನಸ್ಸನ್ನೂ ಬಲ್ಲವನು ಒಬ್ಬನೇ. ಆ ಗುಣವನ್ನು ದೂತನಿಗೆ ಕೊಟ್ಟರೆ ಅವನನ್ನು ದೇವರ ಗಾದಿಯ ಮೇಲೆ ಕೂರಿಸಿದ ಹಾಗೆಯೇ. ದೇವರು ದೂತನನ್ನು ಕಳಿಸಬಹುದು, ಕಳಿಸು ಎಂದು ದೇವರನ್ನೇ ಕೇಳಬೇಕು. ಇದು ನನ್ನ ನಂಬಿಕೆ, ಇವತ್ತಿಗೂ ಅದೇ. ಈ ಬರಹ ಓದಿ ಮುದುಕ ಕೊನೆಗಾಲದಲ್ಲಿ ರೋಮಿನವರ ಕಡೆ ವಾಲಿದ ಅಂದುಕೊಳ್ಳಬೇಡಿ. ನನ್ನ ಸಿದ್ಧಾಂತ ನೆಟ್ಟಗೇ ಇತ್ತು, ಸೊಟ್ಟಗಿದ್ದವನು ನಾನು.

ಮರಿಯಾಬಾಯಿ ಎಲ್ಲ ಕೇಳಿ, ನೀವು ಹೇಳೂದು ಖರೇ ಇರಬೇಕು, ಆದ್ರ ಸಣ್ಣಾಕಿ ಇದ್ದಾಗಿಂದ ಬಾಯಿಗೆ ಹತ್ತೈತಿ, ಅಂದರು. ನಾನು ಬಿಟ್ಟುಬಿಟ್ಟೆ. ಎರಡು ವರ್ಷ ಆ ಸಂಗತಿಯನ್ನು ದಿನಚರಿಯಲ್ಲಿ ಬರೆಯಲಿಲ್ಲ. ಒಮ್ಮೊಮ್ಮೆ ಹೊಳೆ ದಾಟುವಾಗ, ಕರೀರಿ ನಿಮ್ಮ ಬೊಡ್ವೊಗೆ, ಎಂದು ಚೇಷ್ಟೆಯನ್ನೂ ಮಾಡುತ್ತಿದ್ದೆ. ಅವರು ನಗುತ್ತಿದ್ದರು. ಅಷ್ಟರ ಮಟ್ಟಿಗೆ ಮನುಷ್ಯನಾಗಿದ್ದೆ.

ಬೆಳಗಾವಿಯಲ್ಲಿ ದೊಡ್ಡ ಅಧಿವೇಶನ ನೆರೆದು ಊರ ತುಂಬ ಖಾದಿ ಟೊಪ್ಪಿಗೆ ಕಂಡ ಮರುವರ್ಷವಿರಬೇಕು. ಜನ ಸಂತೆಯಲ್ಲಿ ಚರಕದ ಮಾತಾಡುತ್ತಿದ್ದರು, ನಮ್ಮ ಪ್ರಸಂಗಕ್ಕೆ ನಿಲ್ಲುವವರು ಕಡಿಮೆಯಾದರು. ಬರೆಯಲು ಏನೂ ಇರುತ್ತಿರಲಿಲ್ಲ. ಸತತ ಮೂರು ತಿಂಗಳು ನನ್ನ ದಿನಚರಿ ಕೆಂಪು ಪೆನ್ಸಿಲಿನ ಗೆರೆ ಹೊತ್ತು ಮರಳಿ ಬಂತು. 'ಇದರಲ್ಲಿ ಜೀವವಿಲ್ಲ' ಎಂದು ಸಾಹೇಬರು ಚೊಕ್ಕ ಕನ್ನಡದಲ್ಲಿ ಬರೆದಿದ್ದರು. ಅದೇ ಹೊತ್ತಿಗೆ, ಅವರು ರೋಮಿನವರ ತಪ್ಪುಗಳ ಬಗ್ಗೆ ತಮ್ಮ ದೇಶದವರಿಗಾಗಿ ಲೇಖನ ಬರೆಯುತ್ತಿದ್ದಾರೆ, ಕಣ್ಣಾರೆ ಕಂಡ ಉದಾಹರಣೆ ಬೇಕಂತೆ ಎಂಬ ಸುದ್ದಿಯೂ ಬಂತು.

ನನಗೆ ದೋಣಿಯ ನೆನಪಾಯಿತು. ಬರೆಯಲು ಕೂತೆ. ಕಿವಿ ಮೋಸಹೋದ ಸಂಗತಿಯನ್ನು ಬರೆಯಲಿಲ್ಲ, ಬರೆದರೆ ಪೆದ್ದನಾಗುವವನು ನಾನು. ಅಂಬಿಗನ ಮಾತನ್ನೂ ಬಿಟ್ಟೆ. ನಗುವೆಲ್ಲ ಹೋದ ಮೇಲೆ ಉಳಿದದ್ದು ಇಷ್ಟು: 'ಅಪಾಯದ ಸಮಯದಲ್ಲಿ ಮರಿಯಾಬಾಯಿಯು ದೇವರನ್ನು ಬಿಟ್ಟು ದೂತನನ್ನು ಕರೆದಳು.' ಓದಿ ನೋಡಿದೆ. 'ಕರೆದಳು' ಎಂಬುದರಲ್ಲಿ ತೂಕ ಬರಲಿಲ್ಲ. ಅದನ್ನು ಹೊಡೆದುಹಾಕಿ 'ಆರಾಧಿಸಿದಳು' ಎಂದು ಬರೆದೆ. ಆಗ ವಾಕ್ಯ ಎದ್ದು ನಿಂತಿತು. ನನಗೆ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ.

ಹದಿನೈದು ದಿನದಲ್ಲಿ ಸಾಹೇಬರು ರೈಲಿನಿಂದ ಖಾನಾಪುರದಲ್ಲಿ ಇಳಿದರು. ಸಾಲಿಯ ಪಡಸಾಲೆಯಲ್ಲಿ ಕುರ್ಚಿ ಹಾಕಿದೆವು. ಲೇಖನಕ್ಕೆ ಒಂದು ಉದಾಹರಣೆ ಸಿಕ್ಕಿತೆಂದು ಖುಷಿಪಟ್ಟು ಸುಮ್ಮನಾಗುತ್ತಾರೆ ಎಂದು ನಾನೆಣಿಸಿದ್ದೆ. ಅವರು ಎಣಿಸಿದ್ದು ಬೇರೆ: ಮಿಶನ್ನಿನ ಅನ್ನ ಉಂಡು ಮನೆಮನೆಗೆ ಹೋಗಿ ಓದುವವರೇ ಹೀಗಾದರೆ ಅವರು ಹೆಂಗಸರಿಗೆ ಏನು ಕಲಿಸುತ್ತಿರಬೇಕು? ಅವರ ಕಡೆಯಿಂದ ನೋಡಿದರೆ ಅದೂ ನ್ಯಾಯವೇ. ಅವರು ನನ್ನ ಶಬ್ದವನ್ನು ನಂಬಿದ್ದರು.

ಅಮ್ಮಾ, ನೀನು ದೂತನನ್ನು ಆರಾಧಿಸುತ್ತೀಯೋ ಎಂದು ಕೇಳಿದರು. ಮರಿಯಾಬಾಯಿ, ಇಲ್ರಿ, ಬೇಡಿಕೊಳ್ತೇನ್ರಿ, ಅಂದರು. ಬೇಡಿಕೊಳ್ಳುವುದು! ನಮ್ಮ ಸಭೆಯಲ್ಲಿ ಪ್ರತಿ ಪ್ರಾರ್ಥನೆಗೆ ಮೊದಲು 'ಬೇಡಿಕೊಳ್ಳೋಣ' ಎಂದೇ ಹೇಳುವುದು. ಸಾಹೇಬರು ನನ್ನ ಕಡೆ ತಿರುಗಿ, ಇದು ನಾವು ದೇವರಿಗೆ ಬಳಸುವ ಶಬ್ದವೇ ಅಲ್ಲವೇ ಎಂದರು. ಹೌದು ಸಾಹೇಬರೇ, ಅದೇ ಶಬ್ದ, ಎಂದೆ. ನಾನು ಸುಳ್ಳು ಹೇಳಲಿಲ್ಲ, ಅದೇ ಶಬ್ದ. ಆದರೆ ನಮ್ಮ ಕನ್ನಡದಲ್ಲಿ ಸಾಹುಕಾರನನ್ನೂ ಬೇಡಿಕೊಳ್ಳುತ್ತೇವೆ, ಗೌಡನನ್ನೂ ಬೇಡಿಕೊಳ್ಳುತ್ತೇವೆ, ಮುನಿಸಿಕೊಂಡ ಹೆಂಡತಿಯನ್ನೂ ಬೇಡಿಕೊಳ್ಳುತ್ತೇವೆ ಎಂದು ಇನ್ನೊಂದು ಮಾತು ಹೇಳಿದ್ದರೆ ಆ ಹೆಣ್ಣುಮಗಳು ಉಳಿಯುತ್ತಿದ್ದರು. ಮುನ್ಶಿ ಕಲಿಸದ ಆ ಕನ್ನಡವನ್ನು ತಿಳಿಸಿ ಹೇಳುವುದಕ್ಕೇ ನಾನು ಅಲ್ಲಿದ್ದೆ.

ಸಾಹೇಬರು ಒಂದು ದಾರಿ ತೋರಿಸಿದರು. ಭಾನುವಾರ ಸಭೆಯ ಮುಂದೆ ನಿಂತು, ಇನ್ನು ಮೇಲೆ ದೂತನನ್ನು ಕರೆಯುವುದಿಲ್ಲ ಎಂದು ಹೇಳಿದರೆ ಸಾಕು. ನಾನಾಗಿದ್ದರೆ ಹೇಳಿ, ಮರುದಿನ ಮತ್ತೆ ಕರೆಯುತ್ತಿದ್ದೆ. ಮರಿಯಾಬಾಯಿ ಒಪ್ಪಲಿಲ್ಲ.

"ಬಿಡ್ತೇನಿ ಅಂದ್ರ ಸುಳ್ಳಾಕ್ಕೈತ್ರಿ ಸಾಹೇಬರ. ಹೊಳ್ಯಾಗ ಕಾಲಿಟ್ಟ ಕೂಡ್ಲೇ ತಾನ ಬಾಯಿಗೆ ಬರತೈತಿ."

ತಿಂಗಳ ಕೊನೆಗೆ ಕೆಲಸ ಹೋಯಿತು. ಮನೆ ಬಿಡಲು ಮತ್ತೊಂದು ತಿಂಗಳ ವಾಯಿದೆ ಸಿಕ್ಕಿತು. ಸಾಹೇಬರಿಗೆ ಹೇಳಿದವರು ಯಾರೆಂದು ಮರಿಯಾಬಾಯಿ ನನ್ನನ್ನು ಕೇಳಲಿಲ್ಲ. ಅಂಬಿಗನ ಬಾಯಿ ದೊಡ್ಡದು, ಎಂದು ತಾವೇ ಅಂದುಕೊಂಡರು. ನಾನು ಆ ಅಂಬಿಗನ ತಲೆಯ ಮೇಲೆಯೇ ಅದನ್ನು ಇರಲು ಬಿಟ್ಟೆ.

ವಾಯಿದೆ ಮುಗಿಯಲು ಇಪ್ಪತ್ತು ದಿನವಿದ್ದಾಗ ಮರಿಯಾಬಾಯಿ ನಮ್ಮ ಮನೆಗೆ ಬಂದರು. ಸಾಹೇಬರಿಗೆ ಅರ್ಜಿ ಬರೆದುಕೊಡಿ ಎಂದರು. ನಮ್ಮ ಮಿಶನ್ನಿನಲ್ಲಿ ಅರ್ಜಿಗೆ ನಿಯಮವಿತ್ತು: ಠಾಣೆಯ ಯಾವ ಕೆಲಸಗಾರರೂ ನೇರವಾಗಿ ಸಾಹೇಬರಿಗೆ ಬರೆಯುವಂತಿಲ್ಲ, ಅರ್ಜಿಯ ತಲೆಯ ಮೇಲೆ ಆ ಠಾಣೆಯ ಉಪದೇಶಿಯ ಮಾರ್ಫತ್ ಇರಬೇಕು, ಕೆಳಗೆ ಅವನ ಅಭಿಪ್ರಾಯವಿರಬೇಕು. ದೇವರಿಗೆ ಮಾರ್ಫತ್ ಬೇಡ ಎಂದು ಸಾರುತ್ತಿದ್ದ ಮಿಶನ್ನಿನ ನಿಯಮ ಇದು. ಅದರಲ್ಲಿ ಯಾರಿಗೂ ನಗು ಬಂದದ್ದನ್ನು ನಾನು ಕಂಡಿಲ್ಲ.

ಅವರು ಹೇಳುತ್ತ ಹೋದರು, ನಾನು ಬರೆದೆ. ಹೆಚ್ಚೇನೂ ಕೇಳಲಿಲ್ಲ. ಕೆಲಸ ಹೋದರೆ ಹೋಗಲಿ, ಗಂಡನನ್ನು ಮಣ್ಣು ಮಾಡಿದ ಊರು, ಮನೆಯೊಂದು ಇರಲಿ. ಪೂಜೆ ಮಾಡಿದವಳಲ್ಲ, ಹಾದಿಗೆ ಜೊತೆ ಕರೆದವಳು. ಆಮೇಲೆ ಅವರು ಒಂದು ಮಾತು ಸೇರಿಸಿದರು: 'ನಾನು ಅಂದದ್ದೇನೆಂದು ದೋಣಿಯಲ್ಲಿದ್ದ ಉಪದೇಶಿಯವರಿಗೆ ಗೊತ್ತಿದೆ, ಅವರನ್ನು ಕೇಳಬೇಕೆಂದು ಪ್ರಾರ್ಥಿಸಿಕೊಳ್ಳುತ್ತೇನೆ.' ನನ್ನ ಲೇಖಣಿ ಅಲ್ಲಿ ನಿಂತಿತು. ಏನಾತ್ರಿ ಎಂದರು. ಏನಿಲ್ಲ ಎಂದು ಬರೆದು ಮುಗಿಸಿದೆ. ಹೆಬ್ಬೆಟ್ಟು ಒತ್ತಿ ಹೋದರು.

ಇನ್ನು ನಾನು ಮಾಡಬೇಕಾಗಿದ್ದದ್ದು ತಲೆಯ ಮೇಲೆ 'ಮಾರ್ಫತ್' ಎಂದು ಬರೆದು ಹೆಸರು ಹಾಕುವುದು, ಕೆಳಗೆ 'ಅರ್ಜಿದಾರಳು ಹೇಳುವುದು ನಿಜ' ಎಂಬ ಒಂದು ಸಾಲು. ಆ ಸಾಲು ಬರೆದರೆ ನನ್ನ ದಿನಚರಿ ಸುಳ್ಳಾಗುತ್ತದೆ. ಆ ದಿನಚರಿ ಇಷ್ಟು ಹೊತ್ತಿಗೆ ಇಂಗ್ಲಿಷಾಗಿ ಸಮುದ್ರ ದಾಟಿತ್ತು. 'ಮಾರ್ಫತ್:' ಎಂದು ಬರೆದು ಮುಂದಿನ ಜಾಗ ಖಾಲಿ ಬಿಟ್ಟೆ. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಪೆಟ್ಟಿಗೆಯಲ್ಲಿ, ಅರಿವೆಗಳ ಕೆಳಗೆ ಇಟ್ಟೆ. ಎರಡು ದಿನ ಬಿಟ್ಟು ಅವರು ಬಂದು ಕೇಳಿದಾಗ, ಕಳಿಸೇನಿ ಬಾಯಿ, ಎಂದು ಸುಳ್ಳು ಹೇಳಿದೆ.

ವಾಯಿದೆ ಮುಗಿಯಿತು. ಅವರು ಕುಂಬಾರರ ಓಣಿಯಲ್ಲಿ ಒಂದು ಮೂಲೆ ಹಿಡಿದು, ಮಣ್ಣು ಹೊರುವ ಕೆಲಸಕ್ಕೆ ನಿಂತರು. ಐವತ್ತು ದಾಟಿದ ಹೆಂಗಸು. ಸಂತೆಯ ದಿನ ನಾನು ಪ್ರಸಂಗ ಮುಗಿಸುವವರೆಗೂ ಬದಿಗೆ ನಿಂತಿದ್ದು, ಮೆಲ್ಲಗೆ ಹತ್ತಿರ ಬಂದು, ಜವಾಬು ಬಂತೇನ್ರಿ, ಎಂದು ಕೇಳುತ್ತಿದ್ದರು. ಇನ್ನೂ ಇಲ್ರಿ ಬಾಯಿ, ಅನ್ನುತ್ತಿದ್ದೆ. ಅವರೆದುರಿಗೇ ನಿಂತು ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಗಂಟಲು ಹರಿದುಕೊಂಡಿದ್ದೇನೆ. ನಾಚಿಕೆ ಎಂಬುದು ಮೊದಲ ದಿನ ಬಾರದಿದ್ದರೆ ಆಮೇಲೆ ಬರುವುದೇ ಇಲ್ಲ. ಹೀಗೆ ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿತು. ಸಾಹೇಬರು ರಜೆಯ ಮೇಲೆ ತಮ್ಮ ದೇಶಕ್ಕೆ ಹೋದರು, ತಿರುಗಿ ಬರಲಿಲ್ಲ.

ಹೊಸ ಸಾಹೇಬರು ಎಳೆಯರು. ಬಂದವರೇ ದಿನಚರಿಯನ್ನು ತೆಗೆದುಹಾಕಿದರು. ಅದರ ಬದಲು ಅಚ್ಚಾದ ಹಾಳೆ ಬಂತು. ಎಷ್ಟು ಊರು, ಎಷ್ಟು ಪ್ರಸಂಗ, ಎಷ್ಟು ಪುಸ್ತಕ ಎಂದು ಅಂಕಿ ತುಂಬಿದರೆ ಆಯಿತು. ಮೊದಲೇ ಆ ಹಾಳೆ ಬಂದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅಂಕಿಯಲ್ಲಿ ಸುಳ್ಳು ಬರೆದರೂ ಯಾರ ಮನೆಯೂ ಹೋಗುತ್ತಿರಲಿಲ್ಲ. ಹೊಸ ಸಾಹೇಬರ ಜೊತೆ ವಿಲಾಯತಿಯಿಂದ ಬಣ್ಣದ ಚಿತ್ರದ ಕಾರ್ಡುಗಳ ಪೆಟ್ಟಿಗೆಯೂ ಬಂತು, ಭಾನುವಾರದ ಸಾಲಿಯ ಮಕ್ಕಳಿಗೆ ಹಂಚಲು. ಖಾನಾಪುರದ ಪಾಲಿಗೆ ಬಂದ ಕಟ್ಟು ಬಿಚ್ಚಿದರೆ ಎಲ್ಲವೂ ಒಂದೇ ಚಿತ್ರ. ಮುರುಕಲು ಮರದ ಸೇತುವೆಯ ಮೇಲೆ ಎರಡು ಮಕ್ಕಳು, ಕೆಳಗೆ ಹೊಳೆ, ಮಕ್ಕಳ ಹಿಂದೆ ರೆಕ್ಕೆಯ ದೂತ ಕೈ ಚಾಚಿ ನಿಂತಿದ್ದಾನೆ.

ಸಾಹೇಬರನ್ನು ಕೇಳಿದೆ, ಇದು ರೋಮಿನವರ ವಿಚಾರವಲ್ಲವೇ ಎಂದು. ಅವರು ನಕ್ಕು, ಅದು ಬರೇ ಚಿತ್ರ, ಮಕ್ಕಳಿಗೆ ಇಷ್ಟವಾಗುತ್ತದೆ, ದೇವರು ಕಾಯುತ್ತಾನೆಂದು ಅರ್ಥ ಹೇಳಿಬಿಡು, ಎಂದರು. ನಮ್ಮ ಪ್ರಾಟೆಸ್ಟಂಟ್ ಮಿಶನ್ನಿನ ಕಾಸಿನಲ್ಲಿ ಅಚ್ಚಾದ ದೂತನನ್ನು ನನ್ನ ಕೈಯಾರೆ ಹಂಚಿದೆ. ಮುಂದಿನ ಸಂತೆಯಲ್ಲಿ ಮರಿಯಾಬಾಯಿ ಎದುರಾದರು, ಕೈತುಂಬ ಮಣ್ಣು. ನನ್ನ ಬೊಡ್ವೊನ ಚಿತ್ರಾ ನೀವ ಹಂಚಾಕತ್ತೀರಂತಲ್ರಿ, ಕುಂಬಾರರ ಹುಡುಗಿ ತೋರ್ಸಿದಳು, ಎಂದು ನಕ್ಕರು. ಹಂಗಿಸುವ ನಗುವಲ್ಲ, ದೋಣಿಯಲ್ಲಿ ನಕ್ಕಂತೆಯೇ ನಕ್ಕರು. ಆ ದಿನ ಅವರು ಜವಾಬಿನ ಮಾತು ಕೇಳಲಿಲ್ಲ. ಆಮೇಲೆ ಎಂದೂ ಕೇಳಲಿಲ್ಲ. ಸ್ವಲ್ಪ ದಿನಕ್ಕೆ ಮಣ್ಣು ಹೊರುವ ಶಕ್ತಿ ಹೋಗಿ, ಅನಗೋಳದಲ್ಲಿದ್ದ ತಂಗಿಯ ಮಗಳ ಮನೆಗೆ ಹೊರಟುಹೋದರು.

ದಶಕದ ಕೊನೆಗೆ ನನಗೆ ಬೆಳಗಾವಿಗೆ ವರ್ಗವಾಯಿತು. ಖಾನಾಪುರದ ಮನೆ ಖಾಲಿ ಮಾಡುವಾಗ ಪೆಟ್ಟಿಗೆಯ ತಳದಲ್ಲಿ ಆ ಅರ್ಜಿ ಸಿಕ್ಕಿತು. ಮಡಿಕೆಯ ಗೆರೆಗಳಲ್ಲಿ ಹರಿಯತೊಡಗಿತ್ತು. ಹರಿದು ಒಲೆಗೆ ಹಾಕಬೇಕೆಂದು ಎದ್ದೆ. ಹೆಬ್ಬೆಟ್ಟಿನ ಗುರುತು ಕಣ್ಣಿಗೆ ಬಿತ್ತು, ಕೈ ಬರಲಿಲ್ಲ.

ಬೆಳಗಾವಿಗೆ ಬಂದ ಎರಡನೆಯ ದಿನ ಅನಗೋಳಕ್ಕೆ ನಡೆದೆ. ಮಧ್ಯಾಹ್ನ. ಮರಿಯಾಬಾಯಿ ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಬಹಳ ಇಳಿದುಹೋಗಿದ್ದರು. ಬರ್ರಿ ಉಪದೇಶಿಗೋಳ, ಕುಂದರ್ರಿ, ಎಂದು ಚಾಪೆ ಸರಿಸಿದರು. ನಾನು ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ: ಸಾಹೇಬರಿಗೆ ತಿಳಿಸಿದ್ದು ಅಂಬಿಗನಲ್ಲ, ನಾನು; 'ಕರೆದಳು' ಎಂದು ಬರೆದದ್ದನ್ನು ಹೊಡೆದು 'ಆರಾಧಿಸಿದಳು' ಎಂದು ಮಾಡಿದವನು ನಾನು; ನಿಮ್ಮ ಅರ್ಜಿ ಬೆಳಗಾವಿಗೆ ಹೋಗಲೇ ಇಲ್ಲ. ಕಾಗದ ತೆಗೆದು ಮುಂದಿಟ್ಟೆ.

ಅವರು ಅದನ್ನು ತಿರುಗಿಸಿ ನೋಡಿ, ಕೈಬರಹ ನನಗ ಬರಂಗಿಲ್ಲಲ್ರಿ, ಓದ್ರಿ, ಎಂದರು. ಓದಿದೆ. ನನ್ನದೇ ಅಕ್ಷರ, ಓದಲು ಕಷ್ಟವಾಯಿತು. ಮೇಲೆ 'ಮಾರ್ಫತ್' ಎಂದಿತ್ತು, ಅದರ ಮುಂದೆ ಏನೂ ಇರಲಿಲ್ಲ. ಕೊನೆಯ ಸಾಲಿಗೆ, ಉಪದೇಶಿಯವರಿಗೆ ಗೊತ್ತಿದೆ ಎಂಬಲ್ಲಿಗೆ ಬಂದಾಗ ನಾನು ಅತ್ತೆ. ಅವರು ಅಳಲಿಲ್ಲ. ಮೊರದಲ್ಲಿ ಕಲ್ಲು ಆರಿಸುತ್ತಲೇ ಇದ್ದರು.

ದಿನಚರಿಯ ಸಂಗತಿ ಅವರಿಗೆ ಗೊತ್ತಿರಲಿಲ್ಲವಂತೆ. ಅರ್ಜಿಯದು ಗೊತ್ತಿತ್ತು. ಮನೆ ಬಿಟ್ಟ ತಿಂಗಳಲ್ಲೇ ಅವರು ರೈಲು ಹತ್ತಿ ಬಂಗಲೆಗೆ ಹೋಗಿ ಬಟ್ಲರ್ ಪೇದ್ರುನನ್ನು ಕೇಳಿದ್ದರು. ಖಾನಾಪುರದಿಂದ ಅಂಥ ಅರ್ಜಿ ಬಂದೇ ಇಲ್ಲ ಎಂದು ಅವನು ಹೇಳಿದ್ದ. ಗೊತ್ತಿದ್ದೂ ಅಷ್ಟು ಸಂತೆ ನನ್ನ ಮುಂದೆ ಬಂದು ನಿಂತು ಕೇಳಿದಿರಲ್ಲ, ಯಾಕೆ ಎಂದೆ.

"ಇವತ್ತ ಕಳಿಸ್ಯಾರು, ನಾಳಿ ಕಳಿಸ್ಯಾರು ಅಂತ ಬೇಡಿಕೋತ ಬಂದೆ ನಿಮ್ಮನ್ನ. ಬೇಡಿಕೊಳ್ಳೂದು ನನಗ ರೂಢಿ ಐತಲ್ರಿ."

ಅವರು ಅರ್ಜಿಯನ್ನು ಹಳೆಯ ಮಡಿಕೆಗಳಲ್ಲೇ ಮಡಿಸಿ ನನ್ನ ಕೈಗೆ ಮರಳಿ ಕೊಟ್ಟರು.

"ನನ್ನ ಬೊಡ್ವೊ ಇದ್ದಾನೋ ಇಲ್ಲೋ, ಕರೆದ್ರ ಕೇಳತಾನೋ ಇಲ್ಲೋ, ಓದಿದವರು ನೀವು, ನಿಮಗ ಗೊತ್ತು. ಆದ್ರ ನಾ ಬೇಡಿಕೊಂಡದ್ದನ್ನ ಪೆಟಿಗ್ಯಾಗ ಇಟ್ಕೊಂಡು, ಕಳಿಸೇನಿ ಬಾಯಿ ಅಂತ ಅಂವ ಒಂದಿನಾನೂ ಅಂದಿಲ್ಲ ನೋಡ್ರಿ."